ನಾಯ್ಸ್ ತುಂಬಿದ ಚಿತ್ರದಲ್ಲಿ ಫ್ರೆಟ್ ಅಳೆಯಲು ಯಾವ ವಿಧಾನ ಹಿಡಿಯಬೇಕು?

ಎರಡು ಪ್ರೋಟೀನುಗಳು ಜೀವಕೋಶದೊಳಗೆ ನಿಜವಾಗಿ ಒಂದನ್ನೊಂದು ಕೂಡುತ್ತವೆಯೇ ಎಂದು ನೋಡಲು ಫ್ರೆಟ್ (ಡೋನರ್ ಎಂಬ ಹೊಳೆಯುವ ಅಣುವಿನಿಂದ ಪಕ್ಕದ ಆಕ್ಸೆಪ್ಟರ್ ಎಂಬ ಅಣುವಿಗೆ ಶಕ್ತಿ ದಾಟುವುದನ್ನು ಅಳೆಯುವುದು) ಮಾಡಹೊರಟವರಿಗೆ ಸಲಹೆಗಳಿಗೇನೂ ಬರವಿಲ್ಲ. ಆಕ್ಸೆಪ್ಟರ್ ಬ್ಲೀಚ್ ಮಾಡಿಬಿಡು, ಅರ್ಧ ದಿನದ ಕೆಲಸ ಎನ್ನುತ್ತಾರೆ ಗೈಡ್. ಫ್ಲಿಮ್ (ಅಣು ಬೆಳಗುವ ಅವಧಿಯನ್ನು ಅಳೆಯುವ ವಿಧಾನ) ಇಲ್ಲದಿದ್ದರೆ ರಿವ್ಯೂವರ್ ಒಪ್ಪೋದಿಲ್ಲ ಎನ್ನುತ್ತಾರೆ ಪಕ್ಕದ ಲ್ಯಾಬಿನ ಸೀನಿಯರ್. ಇಮೇಜಿಂಗ್ ಫೆಸಿಲಿಟಿಯವರನ್ನು ಕೇಳಿದರೆ ನಮ್ಮ ಮಾಮೂಲಿ ಫಿಲ್ಟರ್ ಸೆಟ್ಟಿನಲ್ಲೇ ಆಗುತ್ತೆ ಬನ್ನಿ ಎನ್ನುತ್ತಾರೆ. ಯಾರ ಮಾತೂ ಸುಳ್ಳಲ್ಲ. ಆದರೆ ನಿಮ್ಮ ಪ್ರಶ್ನೆ ಏನು, ನಿಮ್ಮ ಕೋಶದಿಂದ ಎಷ್ಟು ಫೋಟಾನ್ ಬರುತ್ತದೆ ಎಂದು ಕೇಳದೆ ಕೊಟ್ಟ ಸಲಹೆಗಳು ಅವು.

ಬೆಳಕು ಸಾಲದು, ಕೋಶ ಅಲುಗಾಡುತ್ತದೆ, ಮೈಕ್ರೋಸ್ಕೋಪಿನ ಸ್ಲಾಟ್ ಎರಡೇ ಗಂಟೆ ಎಂಬ ಸಾಧಾರಣ ಪರಿಸ್ಥಿತಿಯಲ್ಲಿ ಕೆಲಸ ಮಾಡುವವರಿಗೆ ಈ ಬರಹ.

ತತ್ವ ಎಲ್ಲರಿಗೂ ಗೊತ್ತಿರುವುದೇ. ಡೋನರ್ ಅಣು ಹೀರಿಕೊಂಡ ಶಕ್ತಿ ಬೆಳಕಾಗಿ ಹೊರಬರುವ ಬದಲು ಪಕ್ಕದ ಆಕ್ಸೆಪ್ಟರಿಗೆ ನೇರವಾಗಿ ದಾಟುತ್ತದೆ. ದೂರ ಹೆಚ್ಚಿದಂತೆ ಈ ದಾಟುವಿಕೆಯ ವೇಗ ಆರನೇ ಘಾತದಲ್ಲಿ ಕುಸಿಯುತ್ತದೆ ಎಂದು ಥಿಯೋಡೋರ್ ಫಾರ್ಸ್ಟರ್ 1940ರ ದಶಕದಲ್ಲಿ ಲೆಕ್ಕ ಹಾಕಿದರು. 1967ರಲ್ಲಿ ಸ್ಟ್ರಯರ್ ಮತ್ತು ಹಾಗ್ಲಂಡ್ ಪ್ರೋಲೀನ್ ಸರಪಳಿಯ ಎರಡು ತುದಿಗೆ ಎರಡು ಬಣ್ಣ ಕಟ್ಟಿ ಅದನ್ನು ಅಳೆದೇ ತೋರಿಸಿದರು. ಸಿಎಫ್‌ಪಿ-ವೈಎಫ್‌ಪಿ (ನೀಲಿ ಮತ್ತು ಹಳದಿಯಾಗಿ ಹೊಳೆಯುವ ಪ್ರೋಟೀನು) ಜೋಡಿಗೆ ದಕ್ಷತೆ, ಅಂದರೆ ಡೋನರ್ ಹೀರಿದ ಶಕ್ತಿಯಲ್ಲಿ ದಾಟಿಹೋದ ಪಾಲು, ಅರ್ಧಕ್ಕಿಳಿಯುವ ದೂರ 5 ನ್ಯಾನೊಮೀಟರ್ ಆಸುಪಾಸು. ದೂರ 7.5 ಆದರೆ ದಕ್ಷತೆ ಶೇ 8, 10 ಆದರೆ ಶೇ 1.5. ಇವು ಸೇರಿದ ಜಿಎಫ್‌ಪಿ ಕುಟುಂಬದ ಪ್ರೋಟೀನುಗಳ ಪೀಪಾಯಿಯಂಥ ಹೊರಮೈಯೇ ಸುಮಾರು 4 ನ್ಯಾನೊಮೀಟರ್ ಉದ್ದ, ಅದರೊಳಗೆ ಬಣ್ಣ ಕೊಡುವ ಭಾಗ ನಡುಮಧ್ಯದಲ್ಲಿ ಹುದುಗಿರುತ್ತದೆ. ಹಾಗಾಗಿ ಪ್ರೋಟೀನುಗಳು ಚೆನ್ನಾಗಿ ಕೂಡಿದ್ದರೂ ಕೈಗೆ ಸಿಗುವ ದಕ್ಷತೆ ಹಲವು ಬಾರಿ ಶೇ 10ರ ಅಕ್ಕಪಕ್ಕ ಇರುತ್ತದೆ. ನಾಯ್ಸ್ ಕಾಟ ಕೊಡುವುದೂ ಇಷ್ಟು ಸಣ್ಣ ಬದಲಾವಣೆಯನ್ನು ಹುಡುಕುವಾಗಲೇ.

ಮೊದಲು ಕೇಳಿಕೊಳ್ಳಬೇಕಾದ್ದು

ನಿಮಗೆ ಬೇಕಿರುವುದು ಹೌದು-ಇಲ್ಲ ಎಂಬ ಉತ್ತರವೋ, ಸಮಯದೊಂದಿಗೆ ಆಗುವ ಬದಲಾವಣೆಯೋ, ಅಥವಾ ದಕ್ಷತೆ ಇಷ್ಟು ಎಂಬ ನಿಖರ ಸಂಖ್ಯೆಯೋ? ಹಿಸ್ಟಮಿನ್ ಹಾಕಿದ ಮೇಲೆ ಕ್ಯಾಲ್ಸಿಯಂ ಯಾವಾಗ ಏರಿತು ಎಂದು ತಿಳಿಯಲು ದಕ್ಷತೆಯ ಸಂಖ್ಯೆ ಬೇಕಿಲ್ಲ. ಅಂತರ ಇಷ್ಟು ನ್ಯಾನೊಮೀಟರ್ ಎಂದು ಬರೆಯಹೊರಟವರಿಗೆ ಮಾತ್ರ ಅದಿಲ್ಲದೆ ಗತಿಯಿಲ್ಲ.

ಎರಡನೆಯದು ಡೋನರ್ ಮತ್ತು ಆಕ್ಸೆಪ್ಟರ್ ಒಂದೇ ಪ್ರೋಟೀನಿನಲ್ಲಿ ಸೇರಿವೆಯೋ, ಬೇರೆ ಬೇರೆಯೋ ಎಂಬುದು. ಒಂದೇ ಸರಪಳಿಯಲ್ಲಿದ್ದರೆ ಅವುಗಳ ಪ್ರಮಾಣ ಎಲ್ಲೆಡೆ ಒಂದಕ್ಕೊಂದು. ಬೇರೆ ಪ್ಲಾಸ್ಮಿಡ್ಡುಗಳಿಂದ (ಕೋಶಕ್ಕೆ ಜೀನ್ ಸೇರಿಸುವ ಡಿಎನ್‌ಎ ಉಂಗುರಗಳಿಂದ) ಬಂದಿದ್ದರೆ ಒಂದು ಕೋಶದಲ್ಲಿ ಡೋನರ್ ಹತ್ತು ಪಟ್ಟು ಜಾಸ್ತಿ, ಪಕ್ಕದ ಕೋಶದಲ್ಲಿ ಆಕ್ಸೆಪ್ಟರ್ ಜಾಸ್ತಿ. ಅರ್ಧದಷ್ಟು ಆಯ್ಕೆ ಈ ಒಂದು ಪ್ರಶ್ನೆಯಲ್ಲೇ ಮುಗಿಯುತ್ತದೆ.

ಮೂರನೆಯದು ಫೋಟಾನ್ ಬಜೆಟ್. ಕೋಶ ಸಾಯದೆ, ಬಣ್ಣ ಸುಡದೆ, ಒಂದು ಪಿಕ್ಸೆಲಿನಿಂದ ಎಷ್ಟು ಫೋಟಾನ್ ತೆಗೆಯಬಹುದು? ಕ್ಯಾಮೆರಾ ತೋರಿಸುವ ಕೌಂಟ್ ಫೋಟಾನ್ ಅಲ್ಲ. ಅದರಿಂದ ಆಫ್‌ಸೆಟ್ (ಬೆಳಕಿಲ್ಲದಿದ್ದರೂ ತೋರುವ ಕೌಂಟ್) ಕಳೆದು, ಗೇನ್ (ಒಂದು ಫೋಟಾನಿಗೆ ಎಷ್ಟು ಕೌಂಟ್ ಎಂಬ ದರ) ಲೆಕ್ಕ ಹಾಕಿ ಪರಿವರ್ತಿಸಬೇಕು. ಸಿಮಾಸ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಕತ್ತಲಲ್ಲೂ ಸುಮಾರು 100 ಕೌಂಟ್ ತೋರಿಸುವಂತೆ ಆಫ್‌ಸೆಟ್ ಇಟ್ಟಿರುತ್ತಾರೆ. ಅದನ್ನು ಸಿಗ್ನಲ್ ಎಂದು ಎಣಿಸಿದವರು ನೂರಾರು ಫೋಟಾನ್ ಇದೆಯೆಂದು ಭ್ರಮಿಸುತ್ತಾರೆ.

ವೇಗ, ಜೀವಂತವೋ ಫಿಕ್ಸ್ ಮಾಡಿದ್ದೋ, ಹಣ ಇವೆಲ್ಲ ಆಮೇಲೆ ಬರುತ್ತವೆ. ಇವುಗಳ ಜೊತೆಗೆ ಪಟ್ಟಿಗಳಲ್ಲಿ ಕಾಣಿಸದ ಇನ್ನೊಂದು ಅಳತೆಗೋಲನ್ನು ನಾನು ಸದಾ ಇಟ್ಟುಕೊಳ್ಳುತ್ತೇನೆ: ಉತ್ತರ ಸಿಗುವ ಮೊದಲು ಈ ವಿಧಾನದಲ್ಲಿ ಎಷ್ಟು ಸಲ ಕಳೆಯಬೇಕು?

ಕಳೆಯುವ ಲೆಕ್ಕ ಮತ್ತು ಅದರ ಬೆಲೆ

ಕಳೆದಾಗ ಸಿಗ್ನಲ್ ಕಡಿಮೆಯಾಗುತ್ತದೆ, ನಾಯ್ಸ್ ಮಾತ್ರ ಕೂಡುತ್ತಲೇ ಹೋಗುತ್ತದೆ. ತೂಕದ ಸೇತುವೆಯ ಮೇಲೆ ಲಾರಿ ನಿಲ್ಲಿಸಿ, ಖಾಲಿ ಲಾರಿಯ ತೂಕ ಕಳೆದು, ಒಳಗಿದ್ದ ಕೊತ್ತಂಬರಿ ಕಟ್ಟಿನ ತೂಕ ಹೇಳಲು ಹೊರಟ ಹಾಗೆ.

ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಡೋನರ್ ಚಾನೆಲಿನಲ್ಲಿ 500 ಫೋಟಾನ್, ಆಕ್ಸೆಪ್ಟರ್ ಚಾನೆಲಿನಲ್ಲಿ 1000, ಫ್ರೆಟ್ ಚಾನೆಲಿನಲ್ಲಿ (ಡೋನರಿಗೆ ಬೆಳಕು ಹಾಕಿ ಆಕ್ಸೆಪ್ಟರಿನ ಬಣ್ಣ ನೋಡುವ ಚಿತ್ರದಲ್ಲಿ) 400. ಡೋನರ್ ಬೆಳಕಿನ ಶೇ 40 ಫ್ರೆಟ್ ಚಾನೆಲಿಗೆ ಸೋರುತ್ತದೆ ಎನ್ನಿ, ಅದು 200. ಡೋನರಿಗೆಂದು ಹಾಕಿದ ಬೆಳಕು ಆಕ್ಸೆಪ್ಟರನ್ನೂ ನೇರವಾಗಿ ಶೇ 10ರಷ್ಟು ಹೊತ್ತಿಸುತ್ತದೆ ಎನ್ನಿ, ಅದು 100. ಎರಡನ್ನೂ ಕಳೆದರೆ ನಿಜವಾದ ಫ್ರೆಟ್ ಸಿಗ್ನಲ್ 100 ಫೋಟಾನ್. ಫೋಟಾನುಗಳು ಪಾಯ್ಸನ್ ನಿಯಮದಂತೆ (ಏರಿಳಿತ ಎಣಿಕೆಯ ವರ್ಗಮೂಲದಷ್ಟು) ಬರುವುದರಿಂದ 400ರ ನಾಯ್ಸ್ 20, ಅಂದರೆ ಶೇ 5. ಚಿತ್ರ ನೋಡಿದರೆ ಪರವಾಗಿಲ್ಲ ಅನಿಸುತ್ತದೆ. ಕಳೆದ ಮೇಲೆ ಉಳಿದ 100ಕ್ಕೆ ಮೂರೂ ಚಾನೆಲಿನ ನಾಯ್ಸ್ ಸೇರಿ ಸುಮಾರು 22. ಶೇ 5 ಇದ್ದದ್ದು ಶೇ 22 ಆಯಿತು.

ಇದು ಇನ್ನೂ ಒಳ್ಳೆಯ ಸುದ್ದಿ, ಏಕೆಂದರೆ ಪಿಕ್ಸೆಲುಗಳನ್ನು ಗುಂಪು ಮಾಡಿದರೆ ಈ ನಾಯ್ಸ್ ಇಳಿಯುತ್ತದೆ. ನಾಲ್ಕು ಅಡ್ಡ ನಾಲ್ಕು ಪಿಕ್ಸೆಲ್ ಕೂಡಿಸಿದರೆ ಶೇ 22 ಇದ್ದದ್ದು ಶೇ 5.5 ಆಗುತ್ತದೆ. ಆದರೆ ಸೋರಿಕೆಯ ಗುಣಾಂಕವನ್ನು 0.40ರ ಬದಲು 0.44 ಎಂದು ಅಳೆದಿದ್ದರೆ? ಆಗ 220 ಕಳೆಯುತ್ತೀರಿ, ಉಳಿಯುವುದು 80. ಶೇ 20ರ ತಪ್ಪು. ಇದು ಎಷ್ಟು ಪಿಕ್ಸೆಲ್ ಸೇರಿಸಿದರೂ, ಎಷ್ಟು ಕೋಶ ಎಣಿಸಿದರೂ ಹೋಗುವುದಿಲ್ಲ. ಎರರ್ ಬಾರ್ ಚಿಕ್ಕದಾಗುತ್ತಾ ಹೋಗಿ ತಪ್ಪು ಸಂಖ್ಯೆಯ ಮೇಲೆ ನಂಬಿಕೆ ಇನ್ನಷ್ಟು ಹೆಚ್ಚುತ್ತದೆ. ನಾಯ್ಸ್ ಎಂದು ಜನ ದೂರುವುದು ಚಿತ್ರದಲ್ಲಿನ ಕಾಳುಕಾಳನ್ನು. ಪೇಪರುಗಳಲ್ಲಿ ನಿಜಕ್ಕೂ ಕೈಕೊಡುವುದು ಈ ಎರಡನೇ ಬಗೆಯ ತಪ್ಪು.

ರೇಷಿಯೋ: ಅಗ್ಗ, ವೇಗ, ಅಂಟಿದ ಜೋಡಿಗೆ ಮಾತ್ರ

1997ರಲ್ಲಿ ಮಿಯವಾಕಿ ಮತ್ತು ರೋಜರ್ ತ್ಸಿಯೆನ್ ತಂಡ ಹೊರತಂದ ಕ್ಯಾಲ್ಸಿಯಂ ಸೆನ್ಸರ್ ಕ್ಯಾಮೆಲಿಯಾನ್‌ನಿಂದ ಶುರುವಾಗಿ ಇವತ್ತಿನ ಕೈನೇಸ್ (ಒಂದು ಬಗೆಯ ಕಿಣ್ವ), ಕ್ಯಾಂಪ್ (ಕೋಶದೊಳಗಿನ ಸಂದೇಶವಾಹಕ ಅಣು) ಸೆನ್ಸರುಗಳ ತನಕ ಒಂದೇ ಉಪಾಯ. ಒಂದೇ ಸರಪಳಿಯ ಎರಡು ತುದಿಗೆ ಡೋನರ್ ಮತ್ತು ಆಕ್ಸೆಪ್ಟರ್ ಕಟ್ಟಿ, ನಡುವಿನ ಭಾಗ ಆಕಾರ ಬದಲಿಸಿದಾಗ ಎರಡು ಬಣ್ಣದ ಅನುಪಾತ ನೋಡುವುದು. ಪ್ರಮಾಣ ಸ್ಥಿರವಾದ್ದರಿಂದ ಸೋರಿಕೆಯೂ ಸ್ಥಿರ, ಅದನ್ನು ಕಳೆಯುವ ಗೋಜೇ ಇಲ್ಲ. ಕಳೆಯಬೇಕಾದ್ದು ಹಿನ್ನೆಲೆ ಬೆಳಕನ್ನು ಮಾತ್ರ. ಫೋಟಾನ್ ಕಡಿಮೆ ಇದ್ದಾಗ ಇದನ್ನು ಮೀರಿಸುವ ವಿಧಾನವಿಲ್ಲ.

ಆದರೆ ಆ ಒಂದು ಕಳೆಯುವಿಕೆಯನ್ನು ಹಗುರವಾಗಿ ತೆಗೆದುಕೊಂಡರೆ ಕಥೆ ಕೆಡುತ್ತದೆ. ಕೋಶದ ನಡುಭಾಗ ದಪ್ಪ. ಅಲ್ಲಿ ಡೋನರ್ 1000, ಫ್ರೆಟ್ 2000, ಅನುಪಾತ 2. ಅಂಚು ತೆಳು. ಅಲ್ಲಿ 100 ಮತ್ತು 200, ಅನುಪಾತ ಅದೇ 2. ಎರಡೂ ಚಾನೆಲಿನಲ್ಲಿ 50 ಹಿನ್ನೆಲೆ ಕಳೆಯದೆ ಉಳಿದರೆ ನಡುವೆ 1.95 ಬರುತ್ತದೆ, ಅಂಚಿನಲ್ಲಿ 1.67. ಕೋಶದ ಅಂಚಿನಲ್ಲಿ ಕೈನೇಸ್ ಚಟುವಟಿಕೆ ಕಡಿಮೆ ಎಂದು ತೋರಿಸುವ ಸುಂದರವಾದ ಬಣ್ಣದ ಚಿತ್ರ ಸಿದ್ಧ, ಆದರೆ ಅದು ತೋರಿಸುವುದು ಕೋಶದ ದಪ್ಪವನ್ನು. ಅಂಚಿನಲ್ಲಿ ಏರಿಳಿತ ಕಂಡಾಗಲೆಲ್ಲ ಮೊದಲು ಹಿನ್ನೆಲೆಯ ಸಂಖ್ಯೆಯನ್ನು 10 ಹೆಚ್ಚಿಸಿ, 10 ತಗ್ಗಿಸಿ ನೋಡುವುದು ಒಳ್ಳೆಯ ರೂಢಿ. ಚಿತ್ರ ಬದಲಾದರೆ ಅದು ಜೀವಶಾಸ್ತ್ರವಲ್ಲ.

ಭಾಗಿಸುವ ಕ್ರಮವೂ ಮುಖ್ಯ. ಎರಡು ಪಿಕ್ಸೆಲಿನಲ್ಲಿ ಮೇಲಿನ ಸಂಖ್ಯೆ 10 ಮತ್ತು 10, ಕೆಳಗಿನದು 5 ಮತ್ತು 15 ಇದ್ದರೆ ಪ್ರತ್ಯೇಕ ಅನುಪಾತ 2 ಮತ್ತು 0.67, ಅವುಗಳ ಸರಾಸರಿ 1.33. ಮೊದಲೇ ಕೂಡಿಸಿ ಭಾಗಿಸಿದರೆ 20ಕ್ಕೆ 20, ಅಂದರೆ 1. ಫೋಟಾನ್ ಕಡಿಮೆಯಾದಷ್ಟೂ ಪಿಕ್ಸೆಲ್ ಅನುಪಾತಗಳ ಸರಾಸರಿ ಮೇಲಕ್ಕೆ ವಾಲುತ್ತದೆ. ಮಂದ ಕೋಶಗಳಲ್ಲಿ ಫ್ರೆಟ್ ಹೆಚ್ಚು ಎಂಬ ಫಲಿತಾಂಶ ಬಂದರೆ ಈ ಗುಮಾನಿ ಇರಲಿ. ಮೊದಲು ಕೂಡಿಸಿ, ಆಮೇಲೆ ಭಾಗಿಸಿ.

ಹಣವಿದ್ದರೆ ಇಲ್ಲಿ ಖರ್ಚು ಮಾಡಬೇಕಾದ್ದು ಎರಡೂ ಬಣ್ಣವನ್ನು ಏಕಕಾಲಕ್ಕೆ ಕ್ಯಾಮೆರಾದ ಎರಡು ಅರ್ಧಕ್ಕೆ ಬೀಳಿಸುವ ಸ್ಪ್ಲಿಟರ್ ಮೇಲೆ. ಫಿಲ್ಟರ್ ಚಕ್ರ ತಿರುಗುವಷ್ಟರಲ್ಲಿ ಕೋಶ ಅರ್ಧ ಪಿಕ್ಸೆಲ್ ಸರಿದರೂ ಅಂಚಿನಲ್ಲಿ ಒಂದು ಬದಿ ಕೆಂಪು, ಇನ್ನೊಂದು ಬದಿ ನೀಲಿ ಪಟ್ಟಿ ಮೂಡುತ್ತದೆ. ಹಣವಿಲ್ಲದಿದ್ದರೆ ಇಡೀ ಕೋಶದ ಮೊತ್ತ ತೆಗೆದುಕೊಂಡು ಗ್ರಾಫ್ ಹಾಕಿ, ಪಿಕ್ಸೆಲ್ ನಕ್ಷೆಯ ಆಸೆ ಬಿಡಿ.

ಈ ವಿಧಾನ ಕೊಡದಿರುವುದು ಒಂದು ಮೈಕ್ರೋಸ್ಕೋಪಿನಿಂದ ಇನ್ನೊಂದಕ್ಕೆ ಒಯ್ಯಬಹುದಾದ ಸಂಖ್ಯೆಯನ್ನು. ನಿಮ್ಮ 2 ಇನ್ನೊಬ್ಬರ ಫಿಲ್ಟರಿನಲ್ಲಿ 1.4 ಆಗಬಹುದು.

ಮೂರು ಫಿಲ್ಟರ್: ಬೇರೆ ಬೇರೆ ಪ್ರೋಟೀನಿಗೆ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ

ಮೇಲೆ ಹಾಕಿದ ಲಾರಿ ಲೆಕ್ಕ ಈ ವಿಧಾನದ್ದೇ. ಡೋನರ್, ಆಕ್ಸೆಪ್ಟರ್, ಫ್ರೆಟ್ ಎಂದು ಮೂರು ಚಿತ್ರ ತೆಗೆದು, ಡೋನರ್ ಮಾತ್ರ ಮತ್ತು ಆಕ್ಸೆಪ್ಟರ್ ಮಾತ್ರ ಇರುವ ಕೋಶಗಳಿಂದ ಸೋರಿಕೆಯ ಗುಣಾಂಕ ಅಳೆದು, ಕಳೆಯುವುದು. ಇದರಿಂದ ಬರುವ ಸಂಖ್ಯೆಗೆ ಹೆಸರುಗಳು ಹತ್ತಾರು. ಕೆಲವರು ಆಕ್ಸೆಪ್ಟರಿನಿಂದ ಭಾಗಿಸುತ್ತಾರೆ, ಕೆಲವರು ಎರಡರ ಗುಣಲಬ್ಧದ ವರ್ಗಮೂಲದಿಂದ. ನನ್ನ ಅಭಿಪ್ರಾಯ ಕೇಳಿದರೆ ಈ ಇಂಡೆಕ್ಸುಗಳ ಕಾಲ ಮುಗಿಯಿತು. ಒಂದೇ ಒಂದು ಹೆಚ್ಚುವರಿ ಮಾಪನಾಂಕದಿಂದ, ಅಂದರೆ ಡೋನರ್ ಕಳೆದುಕೊಂಡ ಬೆಳಕಿಗೂ ಆಕ್ಸೆಪ್ಟರ್ ಗಳಿಸಿದ ಬೆಳಕಿಗೂ ಇರುವ ವಿನಿಮಯ ದರದಿಂದ, ಇದೇ ಮೂರು ಚಿತ್ರಗಳು ನಿಜವಾದ ದಕ್ಷತೆಯನ್ನು ಕೊಡುತ್ತವೆ. ಆ ದರ ಹಿಡಿಯಲು ದಕ್ಷತೆ ಮೊದಲೇ ಗೊತ್ತಿರುವ ಅಂಟಿಸಿದ ಜೋಡಿಗಳು ಬೇಕು. 5, 17, 32 ಅಮೈನೋ ಆಮ್ಲಗಳ ಕೊಂಡಿ ಇರುವ ಸೆರುಲಿಯನ್-ವೀನಸ್ (ಸಿಎಫ್‌ಪಿ, ವೈಎಫ್‌ಪಿಗಳ ಸುಧಾರಿತ ರೂಪ) ಜೋಡಿಗಳು ಇದಕ್ಕೆಂದೇ ಬಳಕೆಯಲ್ಲಿವೆ. ಕೊಂಡಿ ಉದ್ದವಾದಷ್ಟೂ ದಕ್ಷತೆ ಇಳಿಯಬೇಕು. ನಿಮ್ಮ ಮೈಕ್ರೋಸ್ಕೋಪ್ ಆ ಕ್ರಮವನ್ನು ತೋರಿಸದಿದ್ದರೆ ಅಲ್ಲಿಗೇ ನಿಲ್ಲಿಸಿ, ಸೆಟಪ್ ಸರಿಮಾಡಿಕೊಳ್ಳಿ.

ಒಳ್ಳೆಯ ಗುಣ ಎಂದರೆ ಜೀವಂತ ಕೋಶದಲ್ಲಿ, ಸಮಯದೊಂದಿಗೆ, ಸಾಮಾನ್ಯ ವೈಡ್‌ಫೀಲ್ಡ್ ಯಂತ್ರದಲ್ಲೇ ಆಗುತ್ತದೆ. ಪ್ರತಿ ಕೋಶದಲ್ಲೂ ಡೋನರ್-ಆಕ್ಸೆಪ್ಟರ್ ಪ್ರಮಾಣ ಎಷ್ಟು ಎಂಬುದೂ ಜೊತೆಯಲ್ಲೇ ಸಿಗುತ್ತದೆ, ಮುಂದೆ ಹೇಳುವ ಫ್ಲಿಮ್ ಡೋನರ್ ಒಂದನ್ನೇ ನೋಡುವುದರಿಂದ ಇದನ್ನು ಹೇಳುವುದಿಲ್ಲ. ಕೆಟ್ಟ ಗುಣ ಎಂದರೆ ಶಿಸ್ತು ಬೇಡುತ್ತದೆ. ಗುಣಾಂಕಗಳನ್ನು ಅದೇ ದಿನ, ಅದೇ ಲ್ಯಾಂಪಿನಲ್ಲಿ, ಅದೇ ಎಕ್ಸ್‌ಪೋಶರ್‌ನಲ್ಲಿ ಅಳೆಯಬೇಕು. ಹೋದ ವರ್ಷ ಪಿಎಚ್‌ಡಿ ಮುಗಿಸಿ ಹೋದವರು ಬಿಟ್ಟುಹೋದ ಎಕ್ಸೆಲ್ ಶೀಟಿನ 0.40 ಇಂದು ಕೆಲಸಕ್ಕೆ ಬಾರದು. ಡೋನರಿಗಿಂತ ಆಕ್ಸೆಪ್ಟರ್ ಹತ್ತು ಪಟ್ಟು ಹೆಚ್ಚಿರುವ ಕೋಶಗಳನ್ನು ಪಕ್ಕಕ್ಕಿಡಿ, ಅಲ್ಲಿ ನೇರ ಪ್ರಚೋದನೆಯೇ ಎಲ್ಲವನ್ನೂ ನುಂಗಿರುತ್ತದೆ.

ಸ್ಪೆಕ್ಟ್ರಲ್ ಡಿಟೆಕ್ಟರ್ ಇರುವ ಕಾನ್‌ಫೋಕಲ್‌ನಲ್ಲಿ ಇದೇ ಕೆಲಸವನ್ನು ಬಣ್ಣಗಳನ್ನು ಬಿಡಿಸಿ ಮಾಡಬಹುದು. ಕೋಶದ ಸ್ವಂತ ಬೆಳಕು ಹೆಚ್ಚಿರುವ ಗಿಡದ ಅಂಗಾಂಶ, ಯೀಸ್ಟ್ ಇಂಥವುಗಳಲ್ಲಿ ಅದರಿಂದ ಉಪಯೋಗವಿದೆ. ಆದರೆ ಇದ್ದ ಕೆಲವೇ ಫೋಟಾನುಗಳು 32 ಡಿಟೆಕ್ಟರಿಗೆ ಹಂಚಿಹೋಗುತ್ತವೆ, ಮಂದ ಸ್ಯಾಂಪಲ್ಲಿಗೆ ಹೇಳಿ ಮಾಡಿಸಿದ್ದಲ್ಲ.

ಆಕ್ಸೆಪ್ಟರ್ ಬ್ಲೀಚಿಂಗ್: ಒಂದು ಸಲ, ಒಂದು ಉತ್ತರ

ಆಕ್ಸೆಪ್ಟರನ್ನು ಲೇಸರಿನಿಂದ ಸುಟ್ಟುಹಾಕಿ. ಫ್ರೆಟ್ ಇದ್ದಿದ್ದರೆ ಡೋನರ್ ಹೆಚ್ಚು ಬೆಳಗುತ್ತದೆ. 1ರಿಂದ ಮೊದಲಿನ ಬೆಳಕು ಭಾಗಿಸು ನಂತರದ ಬೆಳಕನ್ನು ಕಳೆದರೆ ದಕ್ಷತೆ. ಸೋರಿಕೆಯ ಗುಣಾಂಕ ಬೇಡ, ಮಾಪನಾಂಕ ಬೇಡ, ಮಾಮೂಲಿ ಕಾನ್‌ಫೋಕಲ್ ಸಾಕು. ಮೊದಲು 900, ನಂತರ 1000 ಫೋಟಾನ್ ಇದ್ದ ಒಂದು ಪಿಕ್ಸೆಲಿನಲ್ಲಿ ದಕ್ಷತೆ ಶೇ 10, ಅನಿಶ್ಚಿತತೆ ಶೇ 4 ಅಂಶ. ನೂರು ಪಿಕ್ಸೆಲಿನ ಪ್ರದೇಶವನ್ನು ಕೂಡಿಸಿದರೆ ಅನಿಶ್ಚಿತತೆ 0.4ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ವಿಧಾನವಿಲ್ಲ.

ಕಾಗದದಿಂದಾಚೆ, ಎರಡು ಚಿತ್ರಗಳ ನಡುವೆ ಹೋಗುವ ಸಮಯದಲ್ಲಿ ಫೋಕಸ್ ಒಂದಿಷ್ಟು ಜಾರಿದರೂ ಡೋನರ್ ಬೆಳಕು ಶೇ 10 ಏರಿಳಿಯಬಹುದು. ಜೀವಂತ ಕೋಶದಲ್ಲಿ ಸುಟ್ಟ ಜಾಗಕ್ಕೆ ಹೊಸ ಅಣುಗಳು ಹರಿದು ಬರುತ್ತವೆ, ಹಾಗಾಗಿ ಫಿಕ್ಸ್ ಮಾಡಿದ ಕೋಶದಲ್ಲೇ ಮಾಡುವುದು ಲೇಸು. ಫಾರ್ಮಾಲ್ಡಿಹೈಡ್ ತನ್ನ ಪಾಲಿನ ಹಿನ್ನೆಲೆ ಬೆಳಕನ್ನು ಸೇರಿಸುತ್ತದೆ ಎಂಬುದು ನೆನಪಿರಲಿ. ವೈಎಫ್‌ಪಿ ಸುಟ್ಟಾಗ ಅದರ ಒಂದು ಪಾಲು ಸಿಎಫ್‌ಪಿಯಂತೆ ಬೆಳಗುವ ರೂಪಕ್ಕೆ ತಿರುಗುತ್ತದೆ ಎಂಬ ವರದಿಗಳಿವೆ. ಎಷ್ಟು ಮಟ್ಟಿಗೆ ಎಂಬ ಬಗ್ಗೆ ಜಗಳವೂ ನಡೆದಿದೆ. ವೈಎಫ್‌ಪಿ ಮಾತ್ರ ಇರುವ ಕೋಶವನ್ನು ಸುಟ್ಟು ಡೋನರ್ ಚಾನೆಲ್ ನೋಡಿದರೆ ನಿಮ್ಮ ಯಂತ್ರದ ಮಟ್ಟಿಗೆ ಜಗಳ ಹತ್ತೇ ನಿಮಿಷದಲ್ಲಿ ಬಗೆಹರಿಯುತ್ತದೆ. ಜೊತೆಗೆ ಅದೇ ಚಿತ್ರದಲ್ಲಿ ಸುಡದ ಪಕ್ಕದ ಕೋಶ ಒಂದನ್ನು ಯಾವಾಗಲೂ ಅಳೆಯಿರಿ. ಅದರಲ್ಲೂ ಶೇ 5 ಫ್ರೆಟ್ ಬಂದರೆ ನಿಮ್ಮ ಶೇ 8ರಲ್ಲಿ ಉಳಿಯುವುದು ಮೂರೇ.

ಗೈಡ್ ಹೇಳಿದ ಅರ್ಧ ದಿನದ ಮಾತು ನಿಜ. ಹೌದು-ಇಲ್ಲ ಎಂಬ ಪ್ರಶ್ನೆಗೆ, ದಕ್ಷತೆ ಶೇ 15 ಮೀರುವ ನಿರೀಕ್ಷೆ ಇದ್ದಾಗ, ಇದೇ ಸಾಕು.

ಫ್ಲಿಮ್: ದುಬಾರಿ, ನಿಧಾನ, ಆದರೆ ಕಳೆಯುವುದು ಕಡಿಮೆ

ಡೋನರ್ ಬೆಳಗಲು ತೆಗೆದುಕೊಳ್ಳುವ ಸಮಯ, ಅಂದರೆ ಲೈಫ್‌ಟೈಮ್, ಫ್ರೆಟ್ ಆದಾಗ ಕಿರಿದಾಗುತ್ತದೆ. ಎಂಟರ್ಕ್ವಾಯಿಸ್2 ಎಂಬ ಡೋನರ್ ಪ್ರೋಟೀನು ಒಂಟಿಯಾಗಿದ್ದಾಗ ಸುಮಾರು 4 ನ್ಯಾನೊಸೆಕೆಂಡ್. ದಕ್ಷತೆ ಶೇ 10 ಆದರೆ 3.6. ಕೋಶದಲ್ಲಿ ಡೋನರ್ ಎಷ್ಟಿದೆ, ಲ್ಯಾಂಪ್ ಎಷ್ಟು ಪ್ರಖರ, ಫಿಲ್ಟರ್ ಯಾವುದು ಎಂಬುದರಿಂದ ಈ ಸಂಖ್ಯೆ ಬದಲಾಗದು. ಆಕ್ಸೆಪ್ಟರಿನ ಬೆಳಕೇ ಬೇಕಿಲ್ಲವಾದ್ದರಿಂದ ಶ್ಯಾಡೋಜಿಯಂಥ ಕತ್ತಲೆ ಆಕ್ಸೆಪ್ಟರ್ ಹಾಕಿ ಉಳಿದ ಬಣ್ಣವನ್ನು ಬೇರೆ ಗುರುತಿಗೆ ಬಿಟ್ಟುಕೊಳ್ಳಬಹುದು. ಬೇರೆ ಬೇರೆ ಪ್ಲಾಸ್ಮಿಡ್ಡಿನ ಪ್ರೋಟೀನು, ನಿಖರ ಸಂಖ್ಯೆಯೂ ಬೇಕು ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ.

ಅದಕ್ಕೆ ಬೆಲೆ ಫೋಟಾನಿನ ಲೆಕ್ಕದಲ್ಲಿದೆ. ಎಲ್ಲವೂ ಆದರ್ಶವಾಗಿದ್ದರೆ 100 ಫೋಟಾನಿನಿಂದ ಲೈಫ್‌ಟೈಮ್ ಶೇ 10ರ ಅನಿಶ್ಚಿತತೆಯಲ್ಲಿ ಸಿಗುತ್ತದೆ, 1000ದಿಂದ ಶೇ 3ರ ಆಸುಪಾಸು. ಶೇ 10ರ ಫ್ರೆಟ್ ಹುಡುಕುವವರಿಗೆ 100 ಸಾಲದು, 1000 ಬೇಕು. 512 ಅಡ್ಡ 512ರ ಚಿತ್ರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಪಿಕ್ಸೆಲ್. ಒಂದೊಂದಕ್ಕೂ 1000 ಎಂದರೆ 26 ಕೋಟಿ ಫೋಟಾನ್. ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಟಿಸಿಎಸ್‌ಪಿಸಿ ಯಂತ್ರವನ್ನು ಲೇಸರ್ ಬಡಿತದ ಶೇ 1ರಿಂದ 5ರ ಮಿತಿಯಲ್ಲಿ ನಡೆಸಬೇಕು, ಇಲ್ಲವಾದರೆ ಮೊದಲು ಬಂದ ಫೋಟಾನನ್ನಷ್ಟೇ ಎಣಿಸಿ ಲೈಫ್‌ಟೈಮನ್ನು ಕಿರಿದು ಮಾಡಿ ತೋರಿಸುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಎಣಿಕೆಯಲ್ಲಿ ಆ ಒಂದು ಚಿತ್ರಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು. 256 ಅಡ್ಡ 256 ಮಾಡಿದರೆ ಸುಮಾರು 65 ಸೆಕೆಂಡ್. ಹೊಸ ವೇಗದ ಎಲೆಕ್ಟ್ರಾನಿಕ್ಸ್ ಈ ಮಿತಿಯನ್ನು ಸಡಿಲಿಸಿದೆ, ಆದರೆ ಮಂದ ಕೋಶದಲ್ಲಿ ಕೊರತೆ ಯಂತ್ರದ್ದಲ್ಲ, ಫೋಟಾನಿನದ್ದು.

ಕೂಡಿದ ಅಣುಗಳ ಪಾಲೆಷ್ಟು, ಕೂಡದವು ಎಷ್ಟು ಎಂದು ಬಿಡಿಸಬೇಕಾದರೆ ಎರಡು ಘಾತೀಯ ಫಿಟ್ (ಎರಡು ಲೈಫ್‌ಟೈಮುಗಳ ಮಿಶ್ರಣವೆಂದು ಲೆಕ್ಕ ಹೊಂದಿಸುವುದು) ಬೇಕು, ಅದಕ್ಕೆ ಪಿಕ್ಸೆಲಿಗೆ ಹತ್ತು ಸಾವಿರದ ಲೆಕ್ಕದಲ್ಲಿ ಫೋಟಾನ್ ಬೇಕಾಗುತ್ತದೆ. ಮುನ್ನೂರು ಫೋಟಾನಿಗೆ ಎರಡು ಘಾತೀಯ ಫಿಟ್ ಹಾಕಿ ಕೈ-ಸ್ಕ್ವೇರ್ (ಫಿಟ್ ಎಷ್ಟು ಹೊಂದಿದೆ ಎಂಬ ಅಳತೆ) ಚೆನ್ನಾಗಿದೆ ಎನ್ನುವವರಿದ್ದಾರೆ. ಫೋಟಾನ್ ಇಲ್ಲದಿದ್ದಾಗ ಯಾವ ಫಿಟ್ಟಿನ ಕೈ-ಸ್ಕ್ವೇರೂ ಚೆನ್ನಾಗಿಯೇ ಬರುತ್ತದೆ. ಅಂಥ ಸ್ಥಿತಿಯಲ್ಲಿ ಎರಡು ದಾರಿಗಳಿವೆ. ಇಡೀ ಚಿತ್ರಕ್ಕೆ ಲೈಫ್‌ಟೈಮುಗಳನ್ನು ಒಂದೇ ಎಂದು ಕಟ್ಟಿಹಾಕಿ ಪಾಲನ್ನು ಮಾತ್ರ ಪಿಕ್ಸೆಲಿಗೆ ಬಿಡುವ ಗ್ಲೋಬಲ್ ಫಿಟ್ ಒಂದು. ಫಿಟ್ಟೇ ಇಲ್ಲದೆ ಪ್ರತಿ ಪಿಕ್ಸೆಲನ್ನೂ ಅರ್ಧವೃತ್ತದ ನಕ್ಷೆಯಲ್ಲಿ ಒಂದು ಬಿಂದುವಾಗಿಸುವ ಫೇಸರ್ ಇನ್ನೊಂದು. ಹೊಸಬರಿಗೆ ಫೇಸರ್ ಹಿಡಿಸುತ್ತದೆ, ಏಕೆಂದರೆ ತಪ್ಪು ಕಣ್ಣಿಗೆ ಕಾಣುತ್ತದೆ. ಡೋನರ್ ಮತ್ತು ಫ್ರೆಟ್ ದಾರಿಯಿಂದ ಬಿಂದುಗಳ ಗುಂಪು ಬೇರೆ ಕಡೆಗೆ ವಾಲಿದ್ದರೆ ಅಲ್ಲಿ ಹಿನ್ನೆಲೆ ಬೆಳಕಿನ ಪಾತ್ರವಿದೆ.

ಹಿನ್ನೆಲೆಯ ವಿಷಯದಲ್ಲಿ ಫ್ಲಿಮ್ ಪವಿತ್ರ ಎಂಬ ನಂಬಿಕೆಗೆ ಆಧಾರವಿಲ್ಲ. ಡೋನರ್ 4 ನ್ಯಾನೊಸೆಕೆಂಡ್, ಆದರೆ ಬಂದ ಫೋಟಾನುಗಳಲ್ಲಿ ಶೇ 20 ಕೋಶದ ಎನ್‌ಎಡಿಎಚ್‌ನಂಥ ಸ್ವಂತ ಅಣುಗಳದ್ದು, ಅವುಗಳ ಸರಾಸರಿ 1.5 ಎಂದಿಟ್ಟುಕೊಳ್ಳಿ. ಫೋಟಾನುಗಳ ಸರಾಸರಿ ಲೈಫ್‌ಟೈಮ್ 3.5 ಬರುತ್ತದೆ. ಆಕ್ಸೆಪ್ಟರ್ ಇಲ್ಲವೇ ಇಲ್ಲ, ಆದರೂ ಶೇ 12.5ರ ಫ್ರೆಟ್! ಮಂದವಾಗಿ ವ್ಯಕ್ತವಾದ ಕೋಶದಲ್ಲೇ ಇದು ಹೆಚ್ಚು. ಹಾಗಾಗಿ ಡೋನರ್ ಮಾತ್ರ ಇರುವ ಕೋಶಗಳನ್ನು ಪ್ರಖರವಾದದ್ದರಿಂದ ಮಂದದ ತನಕ ಅಳೆದು, ಲೈಫ್‌ಟೈಮ್ ಯಾವ ಮಟ್ಟದ ಕೆಳಗೆ ಕುಸಿಯಲಾರಂಭಿಸುತ್ತದೆ ನೋಡಿ. ಅದಕ್ಕಿಂತ ಮಂದವಾದ ಕೋಶವನ್ನು ಫ್ರೆಟ್ ಪ್ರಯೋಗದಲ್ಲಿ ಬಳಸಬೇಡಿ. ನೀಲಿ ಡೋನರಿಗಿಂತ ಹಸಿರು ಡೋನರ್, ಕೆಂಪು ಆಕ್ಸೆಪ್ಟರ್ ಜೋಡಿಯಲ್ಲಿ ಎನ್‌ಎಡಿಎಚ್ ಕಾಟ ಕಡಿಮೆ. ಮೀಡಿಯಂನಲ್ಲಿರುವ ಫೀನಾಲ್ ರೆಡ್, ರೈಬೊಫ್ಲೇವಿನ್ ತೆಗೆಯುವುದು ಎಲ್ಲ ವಿಧಾನಕ್ಕೂ ಪುಕ್ಕಟೆ ಸಿಗುವ ಸುಧಾರಣೆ.

ಹಳೆಯ ಇಸಿಎಫ್‌ಪಿಯನ್ನು ಫ್ಲಿಮ್ ಡೋನರ್ ಮಾಡಬೇಡಿ. ಫ್ರೆಟ್ ಇಲ್ಲದಿದ್ದಾಗಲೂ ಅದರದ್ದು ಒಂದು ಲೈಫ್‌ಟೈಮ್ ಅಲ್ಲ.

ಪಲ್ಸ್ ಲೇಸರ್ ಮತ್ತು ಎಣಿಕೆಯ ಎಲೆಕ್ಟ್ರಾನಿಕ್ಸನ್ನು ಇರುವ ಕಾನ್‌ಫೋಕಲ್‌ಗೆ ಜೋಡಿಸುವುದೆಂದರೆ ಹತ್ತಾರು ಲಕ್ಷದ ಮಾತು. ಕೊಳ್ಳುವ ಯೋಚನೆಗಿಂತ ಹಂಚಿಕೆಯ ಫೆಸಿಲಿಟಿಯಲ್ಲಿ ಗಂಟೆಯ ಲೆಕ್ಕದಲ್ಲಿ ಬುಕ್ ಮಾಡುವುದು ವಾಸಿ. ಹೋಗುವ ಮೊದಲು ನಿಮ್ಮ ಲ್ಯಾಬಿನಲ್ಲೇ ಕ್ಲೋನ್ ಪರೀಕ್ಷೆ, ವ್ಯಕ್ತತೆಯ ಮಟ್ಟ, ಕಂಟ್ರೋಲ್ ಎಲ್ಲ ಮುಗಿಸಿಕೊಳ್ಳಿ.

ಅನೈಸೋಟ್ರಪಿ: ಒಂದೇ ಬಣ್ಣದವು ಒಂದಕ್ಕೊಂದು ಅಂಟಿಕೊಂಡಾಗ

ಒಂದೇ ಪ್ರೋಟೀನ್ ಗುಂಪುಗೂಡುತ್ತದೆಯೇ ಎಂಬ ಪ್ರಶ್ನೆಗೆ ಮೇಲಿನ ಯಾವುದೂ ನೇರವಾಗಿ ಒಗ್ಗುವುದಿಲ್ಲ. ಜಿಎಫ್‌ಪಿಯಿಂದ ಜಿಎಫ್‌ಪಿಗೆ ಶಕ್ತಿ ದಾಟಿದರೆ ಬಣ್ಣವೂ ಬದಲಾಗದು, ಲೈಫ್‌ಟೈಮೂ ಬದಲಾಗದು. ಬದಲಾಗುವುದು ಬೆಳಕಿನ ಧ್ರುವೀಕರಣ ಮಾತ್ರ, ಅದರ ಅಳತೆಯೇ ಅನೈಸೋಟ್ರಪಿ. ಈ ದಾರಿಯಲ್ಲಿ ನಡೆದ ಹೆಸರಾಂತ ಕೆಲಸ ನಮ್ಮ ಬೆಂಗಳೂರಿನದ್ದೇ. ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿ ರಜತ್ ವರ್ಮ ಮತ್ತು ಸತ್ಯಜಿತ್ ಮೇಯರ್ 1998ರಲ್ಲಿ, ಜಿಪಿಐ ಕೊಂಡಿಯಿಂದ ಪೊರೆಗೆ ಅಂಟಿದ ಪ್ರೋಟೀನುಗಳು ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಏಕರೂಪವಾಗಿ ಕಂಡರೂ ಸಣ್ಣ ಸಣ್ಣ ಗುಂಪುಗಳಲ್ಲಿರುತ್ತವೆ ಎಂದು ತೋರಿಸಿದರು. ಅವರ ತರ್ಕವನ್ನು ಇಂದಿಗೂ ಅನುಸರಿಸಬಹುದು. ಅಣುಗಳು ಚದುರಿದ್ದರೆ ಪೊರೆಯಲ್ಲಿ ಸಾಂದ್ರತೆ ಹೆಚ್ಚಿದಂತೆ ಫ್ರೆಟ್ ಹೆಚ್ಚಬೇಕು. ಗುಂಪಿನಲ್ಲಿದ್ದರೆ ಸಾಂದ್ರತೆ ಎಷ್ಟೇ ಇದ್ದರೂ ಅದು ಸ್ಥಿರವಾಗಿರಬೇಕು. ಈ ಸಾಂದ್ರತೆಯ ಗ್ರಾಫನ್ನು ಪೊರೆಯ ಪ್ರೋಟೀನು ಅಳೆಯುವವರು ಯಾವ ವಿಧಾನ ಹಿಡಿದರೂ ಹಾಕಲೇಬೇಕು. ಪೊರೆಯಲ್ಲಿ ಜನಸಂದಣಿ ಹೆಚ್ಚಾದರೆ ಸಂಬಂಧವಿಲ್ಲದ ಪ್ರೋಟೀನುಗಳೂ ಫ್ರೆಟ್ ತೋರಿಸುತ್ತವೆ.

ಯಂತ್ರದ ಖರ್ಚು ಕಡಿಮೆ, ಎರಡು ಪೋಲರೈಸರ್ ಸಾಕು. ಆದರೆ 1.4 ಎನ್‌ಎ (ಲೆನ್ಸ್ ಬೆಳಕು ಹಿಡಿಯುವ ಕೋನದ ಅಳತೆ) ಲೆನ್ಸ್ ಧ್ರುವೀಕರಣವನ್ನು ತಾನೇ ಕಲಸಿಬಿಡುತ್ತದೆ. ತಗ್ಗಿದ ಎನ್‌ಎ ಬಳಸಿದರೆ ಫೋಟಾನ್ ಕಡಿಮೆಯಾಗುತ್ತದೆ. ಎರಡರ ನಡುವಿನ ರಾಜಿ ನಿಮ್ಮ ಸ್ಯಾಂಪಲ್ ನೋಡಿ ಮಾಡಿಕೊಳ್ಳಬೇಕಾದ್ದು.

ಹಾಗಾದರೆ ಯಾರಿಗೆ ಏನು

ಸೆನ್ಸರ್ ಬಳಸಿ ಸೆಕೆಂಡುಗಳ ಬದಲಾವಣೆ ನೋಡುವವರು ರೇಷಿಯೋ ಬಿಟ್ಟು ಕದಲಬೇಡಿ. ಅದೇ ಸೆನ್ಸರನ್ನು ಇಲಿಯ ಮೆದುಳಿನಲ್ಲಿ, ಅಂಗಾಂಶದ ಆಳದಲ್ಲಿ ನೋಡುವುದಾದರೆ ಎರಡು ಬಣ್ಣ ಬೇರೆ ಬೇರೆಯಾಗಿ ಚದುರಿ ಅನುಪಾತ ಕೆಡುತ್ತದೆ, ಅಲ್ಲಿ ಎರಡು ಫೋಟಾನ್ ಫ್ಲಿಮ್ ಹೊಂದುತ್ತದೆ. ಎರಡು ಬೇರೆ ಪ್ರೋಟೀನು, ಫ್ಲಿಮ್ ಕೈಗೆಟುಕದು, ಜೀವಂತ ಕೋಶ ಬೇಕು ಎಂದರೆ ಮೂರು ಫಿಲ್ಟರ್, ಆದರೆ ಅಂಟಿಸಿದ ಜೋಡಿಗಳಿಂದ ಮಾಪನ ಮಾಡಿ. ಅದೇ ಪ್ರಶ್ನೆ, ಫಿಕ್ಸ್ ಮಾಡಿದ ಕೋಶ, ಒಂದು ಚಿತ್ರ ಸಾಕು ಎಂದರೆ ಬ್ಲೀಚಿಂಗ್. ಥೀಸಿಸ್ಸಿನ ಮುಖ್ಯ ಅಧ್ಯಾಯವೇ ಈ ಸಂಖ್ಯೆಯ ಮೇಲೆ ನಿಂತಿದ್ದರೆ ಫ್ಲಿಮ್ ಜೊತೆ ಇನ್ನೊಂದು ಬಗೆಯ ಮಾಪನ. ತಪ್ಪುಗಳು ಬೇರೆ ಬೇರೆ ಕಡೆಯಿಂದ ಬರುವ ಎರಡು ವಿಧಾನ ಒಂದೇ ಉತ್ತರ ಕೊಟ್ಟರೆ ರಿವ್ಯೂವರ್ ಸುಮ್ಮನಾಗುತ್ತಾರೆ.

ಅಂತರವನ್ನೇ ನ್ಯಾನೊಮೀಟರಿನಲ್ಲಿ ಬೇಕೆನ್ನುವವರಿಗೆ ಕೋಶದ ಚಿತ್ರಣ ಸರಿಯಾದ ಜಾಗವಲ್ಲ ಎನ್ನುವುದು ನನ್ನ ನಿಲುವು. ಶೇ 10 ದಕ್ಷತೆ ಎಂದರೆ ಎಲ್ಲ ಅಣುಗಳೂ ದೂರದಲ್ಲಿ ಕೂಡಿದ್ದಿರಬಹುದು, ಅಥವಾ ಐದರಲ್ಲೊಂದು ಜೋಡಿ ಶೇ 50ರಲ್ಲಿ ಕೂಡಿದ್ದಿರಬಹುದು. ಆ ಕೆಲಸಕ್ಕೆ ಶುದ್ಧೀಕರಿಸಿದ ಅಣುಗಳ ಮೇಲೆ ಒಂಟಿ ಅಣು ಫ್ರೆಟ್ ಇದೆ. 2018ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ 20 ಪ್ರಯೋಗಾಲಯಗಳು ಒಂದೇ ಡಿಎನ್‌ಎ ಮಾದರಿಗಳನ್ನು ಅಳೆದಾಗ ದಕ್ಷತೆಯ ಅನಿಶ್ಚಿತತೆ 0.02ರಿಂದ 0.05ರ ಒಳಗಿತ್ತು. ಕೋಶದೊಳಗೆ ಅಷ್ಟು ಒಮ್ಮತವನ್ನು ನಾನಂತೂ ನಿರೀಕ್ಷಿಸುವುದಿಲ್ಲ.

ಚಿತ್ರವನ್ನು ನಯ ಮಾಡುವ ಹೊಸ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರುಗಳ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಕೋಶದ ಗಡಿ ಗುರುತಿಸಲು ಧಾರಾಳವಾಗಿ ಬಳಸಿ. ಸಂಖ್ಯೆ ತೆಗೆಯುವುದು ಮಾತ್ರ ಮೂಲ ಫೋಟಾನುಗಳಿಂದಲೇ ಇರಲಿ, ಒಂದೊಂದು ಚಾನೆಲನ್ನು ಬೇರೆ ಬೇರೆಯಾಗಿ ನಯ ಮಾಡಿದರೆ ಅವುಗಳ ಅನುಪಾತಕ್ಕೆ ಹೊಣೆ ಯಾರೂ ಇಲ್ಲ.

ಬುಕಿಂಗ್ ಮಾಡುವ ಮೊದಲು ನಾಲ್ಕು ಡಿಶ್ ತಯಾರಿರಲಿ: ಡೋನರ್ ಮಾತ್ರ, ಆಕ್ಸೆಪ್ಟರ್ ಮಾತ್ರ, ಅಂಟಿಸಿದ ಜೋಡಿ, ಹಾಗೂ ಒಂದಕ್ಕೊಂದು ಸಂಬಂಧವಿಲ್ಲದ ಡೋನರ್ ಮತ್ತು ಆಕ್ಸೆಪ್ಟರ್ ಎರಡನ್ನೂ ನಿಮ್ಮ ಪ್ರೋಟೀನಿನಷ್ಟೇ ಮಟ್ಟದಲ್ಲಿ ಹಾಕಿದ್ದು. ಜೊತೆಗೆ ಏನನ್ನೂ ಹಾಕದ ಕೋಶಗಳ ಒಂದು ಡಿಶ್, ಹಿನ್ನೆಲೆಗೆ. ಎರಡು ಗಂಟೆಯ ಸ್ಲಾಟಿನಲ್ಲಿ ಮೊದಲ ಮುಕ್ಕಾಲು ಗಂಟೆ ಇವಕ್ಕೇ ಹೋಗುತ್ತದೆ. ನಾಲ್ಕನೆಯ ಡಿಶ್‌ನಲ್ಲಿ ಬಂದ ಸಂಖ್ಯೆ ಮೂರನೆಯದಕ್ಕಿಂತ ಸ್ಪಷ್ಟವಾಗಿ ಕೆಳಗಿದ್ದರೆ ಮಾತ್ರ ನಿಮ್ಮ ಸ್ಯಾಂಪಲ್ ಸ್ಟೇಜಿನ ಮೇಲಿಡಿ.